ಬಾರ್ಡೋಲಿ 1928: ಲಕ್ಷ ರೂಪಾಯಿ ಕಂದಾಯಕ್ಕೆ ಮುಂಬಯಿ ಗವರ್ನರ್ ಸಿಕ್ಕಿಬಿದ್ದದ್ದು ಹೇಗೆ?

[ಪರದೆ ಮೇಲೆ ಎರಡೇ ಅಂಕಿ: 5,14,762 – 6,72,273]

ಮೊದಲನೆಯದು ಸೂರತ್ ಜಿಲ್ಲೆಯ ಬಾರ್ಡೋಲಿ ತಾಲ್ಲೂಕು ವರ್ಷಕ್ಕೆ ಕಟ್ಟುತ್ತಿದ್ದ ಭೂಕಂದಾಯ, ರೂಪಾಯಿಗಳಲ್ಲಿ. ಎರಡನೆಯದು, ಇಷ್ಟು ಕಟ್ಟಿಸಬಹುದು ಎಂದು ಡೆಪ್ಯುಟಿ ಕಲೆಕ್ಟರ್ ಜಯಕರ್ ಮಾಡಿದ ಶಿಫಾರಸು. ಶೇ. 30 ಏರಿಕೆ! 1927ರ ಜುಲೈನಲ್ಲಿ ಸರ್ಕಾರ ಅದನ್ನು ಶೇ. 22ರ ಹತ್ತಿರಕ್ಕೆ ಇಳಿಸಿತು. ಅಂದರೆ ಜಗಳವೆಲ್ಲ ವರ್ಷಕ್ಕೆ ಒಂದು ಲಕ್ಷ ಚಿಲ್ಲರೆ ರೂಪಾಯಿಯದು. ಮುಂಬಯಿ ಪ್ರಾಂತ್ಯಕ್ಕೆ ಅದೇನು ದೊಡ್ಡ ಮೊತ್ತವಲ್ಲ.

[ಸರ್ ಲೆಸ್ಲಿ ವಿಲ್ಸನ್ ಭಾವಚಿತ್ರ]

ಆಗ ಗವರ್ನರ್ ಸರ್ ಲೆಸ್ಲಿ ವಿಲ್ಸನ್. 1923ರ ಡಿಸೆಂಬರಿನಿಂದ 1928ರ ಡಿಸೆಂಬರಿನವರೆಗೆ ಐದು ವರ್ಷ. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಕೂಡ ಇವರ ಕೈಕೆಳಗೇ ಇದ್ದವು. ಬರುವ ಮುಂಚೆ ಲಂಡನ್ನಿನಲ್ಲಿ ಕನ್ಸರ್ವೇಟಿವ್ ಪಕ್ಷದ ಮುಖ್ಯ ಸಚೇತಕ. ರಾಜಿ ಮಾಡಿಸುವ ಕಲೆ ಗೊತ್ತಿಲ್ಲದ ಮನುಷ್ಯನೇನಲ್ಲ.

ಎಡವಿದ್ದು ಲೆಕ್ಕದಲ್ಲಿ. ಈ ಭಾಗದಲ್ಲಿ ರೈತವಾರಿ ಪದ್ಧತಿ, ಅಂದರೆ ಸರ್ಕಾರ ನೇರವಾಗಿ ರೈತನಿಂದಲೇ ಕಂದಾಯ ಪಡೆಯುವುದು; ಸಾಮಾನ್ಯವಾಗಿ ಮೂವತ್ತು ವರ್ಷಕ್ಕೊಮ್ಮೆ ಕಂದಾಯದ ಪರಿಷ್ಕರಣೆ. ಸೆಟ್ಲ್‌ಮೆಂಟ್ ಕಮಿಷನರ್ (ಕಂದಾಯ ದರ ನಿಗದಿಯ ಮೇಲಧಿಕಾರಿ) ಆಂಡರ್ಸನ್ ಗೇಣಿಯ ಅಂಕಿಗಳನ್ನು ಆಧಾರ ಮಾಡಿಕೊಂಡರು. ತರ್ಕ ಸರಳ: ಗೇಣಿ ಏರಿದೆ, ಆದ್ದರಿಂದ ರೈತನ ಲಾಭವೂ ಏರಿದೆ. ಆದರೆ ಒಬ್ಬ ರೈತ ಜಮೀನು ಅಡವಿಟ್ಟು, ಅದೇ ಜಮೀನನ್ನು ತಾನೇ ಉಳುತ್ತ, ಸಾಲದ ಬಡ್ಡಿಯನ್ನು ‘ಗೇಣಿ’ ಎಂದು ಬರೆಸಿರುತ್ತಾನೆ. ಕಡತದಲ್ಲಿ ಅದು ಗೇಣಿ, ಅಂದರೆ ಸಮೃದ್ಧಿಯ ಗುರುತು. ಊರಲ್ಲಿ ಅದು ಸಾಲ. ಈ ವ್ಯತ್ಯಾಸ ತಿಳಿಯಬೇಕಾದರೆ ಹಳ್ಳಿಗೆ ಹೋಗಿ ಒಂದೊಂದು ಖಾತೆಯನ್ನೂ ಕೇಳಿ ನೋಡಬೇಕಿತ್ತು. ಆ ಕೆಲಸವೇ ಸರಿಯಾಗಿ ಆಗಿರಲಿಲ್ಲ.

ಶಾಸನ ಸಭೆಯವರು ಎಚ್ಚರಿಸಿರಲಿಲ್ಲವೇ? 1924ರಲ್ಲೇ ನಿರ್ಣಯ ಮಾಡಿದ್ದರು: ಕಾನೂನು ಬರುವವರೆಗೆ ಹೊಸ ದರ ಬೇಡ. ಆದರೆ ಅಂದಿನ ದ್ವಿಮುಖ ಆಡಳಿತದಲ್ಲಿ ಭೂಕಂದಾಯ ‘ಕಾಯ್ದಿಟ್ಟ’ ಖಾತೆ. ಅದು ಮಂತ್ರಿಗಳ ಕೈಯಲ್ಲಿಲ್ಲ, ಗವರ್ನರ್ ಮತ್ತು ಅವರ ಆಡಳಿತ ಮಂಡಳಿಯ ಕೈಯಲ್ಲಿ. ನಿರ್ಣಯ ಕಾಗದದಲ್ಲೇ ಉಳಿಯಿತು.

[ನಕ್ಷೆ: ಬಾರ್ಡೋಲಿ, 137 ಹಳ್ಳಿ]

1928ರ ಫೆಬ್ರವರಿ 3ಕ್ಕೆ ಭಾರತದ ಆಡಳಿತ ಸುಧಾರಣೆಯ ವಿಚಾರಣೆಗೆ ಬ್ರಿಟನ್ ಕಳಿಸಿದ ಸೈಮನ್ ಆಯೋಗ ಮುಂಬಯಿಯಲ್ಲಿ ಇಳಿಯಿತು, ಕಪ್ಪು ಬಾವುಟದ ಪ್ರತಿಭಟನೆ. ಮರುದಿನ ವಲ್ಲಭಭಾಯಿ ಪಟೇಲರು ಬಾರ್ಡೋಲಿಯಲ್ಲಿ. 6ರಂದು ಗವರ್ನರಿಗೆ ಪತ್ರ: ನಿಷ್ಪಕ್ಷಪಾತ ತನಿಖೆ ಮಾಡಿಸಿ. ಸಮಾಧಾನದ ಉತ್ತರ ಬರಲಿಲ್ಲ. 12ರಂದು ಕಂದಾಯ ಕಟ್ಟುವುದಿಲ್ಲ ಎಂಬ ನಿರ್ಧಾರ.

ಇನ್ನು ವಸೂಲಿ ಯಂತ್ರ. ಮೊದಲು ನೋಟಿಸು. ಆಮೇಲೆ ‘ಚೌಥಾಯಿ’, ಅಂದರೆ ಬಾಕಿಯ ಕಾಲುಭಾಗ ದಂಡ. ಅದಕ್ಕೂ ಬಗ್ಗದಿದ್ದರೆ ಎಮ್ಮೆ, ಪಾತ್ರೆ ಜಪ್ತಿ. ಕೊನೆಗೆ ಜಮೀನು ಮುಟ್ಟುಗೋಲು, ಹರಾಜು. ಕಾನೂನಿನಲ್ಲಿ ಎಲ್ಲ ಸರಿಯಾಗಿದೆ. ಆದರೆ ಪ್ರತಿ ಹಂತಕ್ಕೂ ಒಬ್ಬ ಊರಿನವನು ಬೇಕು! ಇದು ಯಾರ ಎಮ್ಮೆ ಎಂದು ತೋರಿಸಲು ಊರಿನ ಮುಖ್ಯಸ್ಥನಾದ ಪಟೇಲ ಬೇಕು. ಲೆಕ್ಕಕ್ಕೆ ತಲಾಟಿ, ಸಾಮಾನು ಹೊರಲು ಊರ ಚಾಕರ, ಒಯ್ಯಲು ಬಾಡಿಗೆ ಗಾಡಿ ಬೇಕು. ಹರಾಜಿನಲ್ಲಿ ಕೂಗುವವನೂ ಬೇಕು. ಊರ ಪಟೇಲರು, ತಲಾಟಿಗಳು ರಾಜೀನಾಮೆ ಕೊಟ್ಟರು. ಗಾಡಿ ಸಿಗಲಿಲ್ಲ. ಜಪ್ತಿಯವರು ಬರುತ್ತಿದ್ದಾರೆಂದು ನಗಾರಿ ಬಡಿದ ಕೂಡಲೇ ಬಾಗಿಲಿಗೆ ಬೀಗ, ಎಮ್ಮೆ ಮನೆಯೊಳಗೆ. ತಿಂಗಳುಗಟ್ಟಲೆ ಮನುಷ್ಯರೂ ದನಗಳೂ ಕತ್ತಲ ಕೋಣೆಯಲ್ಲಿ ಒಟ್ಟಿಗೆ. ಜಪ್ತಿಗೆ ಸರ್ಕಾರ ಹೊರಗಿನಿಂದ ಪಠಾಣರನ್ನು ಕರೆತಂದಿತು. ನಮ್ಮ ಪ್ರಕಾರ ದೊಡ್ಡ ತಪ್ಪು ಇದೇ. ಅಲ್ಲಿಯವರೆಗೆ ಕಂದಾಯದ ತಕರಾರಾಗಿದ್ದದ್ದು ಅಲ್ಲಿಂದ ದೇಶದ ಮಾನದ ಪ್ರಶ್ನೆಯಾಯಿತು.

ಏಪ್ರಿಲಿನಿಂದ ಮುಂಬಯಿಯಲ್ಲಿ ಗಿರಣಿ ಮುಷ್ಕರ ಬೇರೆ. ಕನ್ಹಯ್ಯಾಲಾಲ್ ಮುನ್ಶಿ ಶಾಸನ ಸಭೆಗೆ ರಾಜೀನಾಮೆ ಕೊಟ್ಟರು. ವಿಲ್ಸನ್ ಸಿಮ್ಲಾಕ್ಕೆ ಹೋಗಿ ವೈಸರಾಯ್ ಇರ್ವಿನ್ನರನ್ನು ಕಂಡರು, ಜುಲೈ 18ಕ್ಕೆ ಸೂರತ್‌ನಲ್ಲಿ ವಲ್ಲಭಭಾಯಿ ಪಟೇಲರನ್ನು ಕಂಡರು. 23ರಂದು ಶಾಸನ ಸಭೆಯಲ್ಲಿ ಹದಿನಾಲ್ಕು ದಿನಗಳ ಗಡುವು: ಮೊದಲು ಕಂದಾಯ ಕಟ್ಟಿ, ಆಮೇಲೆ ತನಿಖೆ.

ಗಂಟು ಬಿಚ್ಚಿದ ರೀತಿ ಸೊಗಸಾಗಿದೆ. ‘ಗವರ್ನರ್ ಹೇಳಿದ ಷರತ್ತುಗಳು ನೆರವೇರುತ್ತವೆ’ ಎಂದು ಶಾಸನ ಸಭೆಯ ಸೂರತ್ ಭಾಗದ ಸದಸ್ಯರು ಒಂದು ಪತ್ರ ಬರೆದುಕೊಟ್ಟರು. ಯಾರು ನೆರವೇರಿಸುತ್ತಾರೆ, ಹೇಗೆ, ಎಂಬುದಿಲ್ಲ. ಸರ್ಕಾರವೂ ಕೇಳಲಿಲ್ಲ. ಸರ್ಕಾರದ ಮಾನ ಉಳಿಯಿತು, ಆಗಸ್ಟ್ ಮೊದಲ ವಾರದಲ್ಲಿ ರಾಜಿ.

ತನಿಖೆಗೆ ಬಂದವರು ಮ್ಯಾಕ್ಸ್‌ವೆಲ್ ಮತ್ತು ಬ್ರೂಮ್‌ಫೀಲ್ಡ್. ಹೌದು, 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಗೆ ಆರು ವರ್ಷ ಶಿಕ್ಷೆ ಕೊಟ್ಟ ಅದೇ ಬ್ರೂಮ್‌ಫೀಲ್ಡ್. ಇವರು ಖಾತೆ ಬಿಚ್ಚಿ, ಹಳ್ಳಿ ಸುತ್ತಿ, ಗೇಣಿಯ ಲೆಕ್ಕ ನಂಬಲು ಬಾರದು ಎಂದರು. 1929ರ ವರದಿಯಲ್ಲಿ ಶೇ. 22ರ ಜಾಗಕ್ಕೆ ಸುಮಾರು 6 ಬಂತು. ಅಷ್ಟರಲ್ಲಿ ವಿಲ್ಸನ್ ಅಧಿಕಾರ ಬಿಟ್ಟಾಗಿತ್ತು. ಅವರ ಜಾಗಕ್ಕೆ ಬಂದಿದ್ದವರು ಸರ್ ಫ್ರೆಡರಿಕ್ ಸೈಕ್ಸ್.

[ಅಂಕೋಲಾ, ಸಿದ್ದಾಪುರ ನಕ್ಷೆ]

ಸೈಕ್ಸ್ ಕಾಲದಲ್ಲಿ ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರದ ರೈತರು ಇದೇ ಕರನಿರಾಕರಣೆ ಹೂಡಿದರು. ಈ ಸಲ ಸರ್ಕಾರ ಸಡಿಲ ಬಿಡಲಿಲ್ಲ. ಜಮೀನು ಹರಾಜಾಯಿತು, ಕೊಳ್ಳುವವರೂ ಸಿಕ್ಕರು. ಮರಳಿ ಕೊಡಿಸುವ ದಾರಿ ತೆರೆದದ್ದು 1937ರ ಚುನಾವಣೆ ಮುಗಿದು ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ.