ಜೂನ್ 25ಕ್ಕೆ ಫ್ರೀಡಂ ಪಾರ್ಕ್‌ನಿಂದ ಚಿನ್ನಸ್ವಾಮಿವರೆಗೆ

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ಇದು ಜೂನ್ 25ರ ಬೆಳಗ್ಗೆ. ಹಿಂದೆ ಕಾಣುತ್ತಿರುವುದು ಫ್ರೀಡಂ ಪಾರ್ಕ್‌ನ ಕಾವಲು ಗೋಪುರ. ಮೋಡ ಕವಿದಿತ್ತು, ಮಳೆ ಇನ್ನೂ ಶುರುವಾಗಿರಲಿಲ್ಲ. ನಾನು ಕ್ಯಾಮೆರಾ ನೋಡಿಕೊಂಡು ಏನೋ ಹೇಳುತ್ತಿದ್ದೇನೆ, ಆದರೆ ನೀವು ಕೇಳುತ್ತಿರುವ ದನಿ ಅಲ್ಲಿಯದಲ್ಲ. ಮಾರನೇ ದಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತು ಹೇಳಿದ್ದು.

ಮೈಕ್ ಕೈಕೊಟ್ಟಿತು. ಕಾಲರ್‌ಗೆ ಸಿಕ್ಕಿಸುವ ಮೈಕ್, 2,800 ರೂಪಾಯಿ, ತಗೊಂಡು ಇನ್ನೂ ಮೂರು ತಿಂಗಳಾಗಿಲ್ಲ. ಫೋನಿಗೆ ಚುಚ್ಚಿದ ರಿಸೀವರ್‌ನಲ್ಲಿ ಹಸಿರು ಲೈಟ್ ಉರಿಯುತ್ತಲೇ ಇತ್ತು, ಅದನ್ನು ನೋಡಿಕೊಂಡು ನಾನು ನಲವತ್ತು ನಿಮಿಷ ಮಾತಾಡಿದೆ, ಮನೆಗೆ ಬಂದು ಕೇಳಿದರೆ ಬರೀ ಗುಂಯ್ ಅನ್ನುವ ಸದ್ದು. ಪಿನ್ ಸಡಿಲವಾಗಿದೆ. ಬೆರಳಲ್ಲಿ ಒತ್ತಿ ಹಿಡಿದರೆ ಕೆಲಸ ಮಾಡುತ್ತದೆ, ಬಿಟ್ಟರೆ ಇಲ್ಲ. ಅಂಗಡಿಗೆ ತಗೊಂಡು ಹೋದರೆ ಬಿಲ್ ಇದೆಯಾ ಅಂದರು, ಇದೆ ಅಂದೆ. ಡಬ್ಬಿ ಇದೆಯಾ ಅಂದರು. ಡಬ್ಬಿ ಯಾರು ಇಟ್ಟುಕೊಂಡಿರುತ್ತಾರೆ ಹೇಳಿ? ಡಬ್ಬಿ ಇಲ್ಲದಿದ್ದರೆ ವಾರಂಟಿ ಇಲ್ಲವಂತೆ. ಡಬ್ಬಿ ಮಾತಾಡುತ್ತದಾ, ಮೈಕ್ ಮಾತಾಡುತ್ತದಾ? ನನಗೆ ಬೇಜಾರಾಗಿದ್ದು ದುಡ್ಡಿಗಲ್ಲ. ಪಾರ್ಕ್‌ನಲ್ಲಿರುವ ಹಳೇ ಜೈಲಿನ ಬ್ಯಾರಕ್ ಒಳಗೆ ನಿಂತು ಹೇಳಿದ್ದನ್ನು ಮತ್ತೆ ಹಾಗೇ ಹೇಳೋಕೆ ಬರುವುದಿಲ್ಲ. ದನಿ ಅಲ್ಲಿ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಅದು ಹೋಯಿತು.

ಸರಿ, ಒಳಗೆ ಬಂದಾಯಿತು. ಇದು ಹಿಂದೆ ಬೆಂಗಳೂರು ಸೆಂಟ್ರಲ್ ಜೈಲು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಇದು ಪಾರ್ಕ್ ಆಯಿತು. 1975ರ ಜೂನ್ 25ರ ರಾತ್ರಿ ದಿಲ್ಲಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತುರ್ತು ಪರಿಸ್ಥಿತಿಯ ಆದೇಶಕ್ಕೆ ಸಹಿ ಹಾಕಿದರು. ಸಚಿವ ಸಂಪುಟಕ್ಕೆ ವಿಷಯ ಹೇಳಿದ್ದು ಮಾರನೇ ದಿನ ಬೆಳಗ್ಗೆ. ಅಷ್ಟರಲ್ಲಿ ಬಂಧನ ಶುರುವಾಗಿತ್ತು, ದಿಲ್ಲಿಯಲ್ಲಿ ಪೇಪರ್ ಆಫೀಸುಗಳಿಗೆ ಕರೆಂಟ್ ತೆಗೆದಿದ್ದರು. ಬರೆದು ಮುಗಿಸಿದ ಸುದ್ದಿ ಅಚ್ಚಾಗದೆ ಉಳಿಯಿತು. ನಲವತ್ತು ನಿಮಿಷದ ಮಾತು ಹೋಗಿದ್ದಕ್ಕೇ ನನಗೆ ಇಷ್ಟು ಸಂಕಟ ಆಗಿದೆ, ಆ ರಾತ್ರಿ ಪ್ರೆಸ್ ಮುಂದೆ ಕತ್ತಲಲ್ಲಿ ನಿಂತವರಿಗೆ ಹೇಗಾಗಿರಬೇಕು.

ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಆಗ ಸಂಸದೀಯ ಸಮಿತಿಯ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದರು. 26ರ ಬೆಳಗ್ಗೆ ಇಲ್ಲೇ ಅವರ ಬಂಧನ ಆಯಿತು, ತಂದು ಹಾಕಿದ್ದು ಈ ಜೈಲಿಗೇ. ರಾಮಕೃಷ್ಣ ಹೆಗಡೆ, ದೇವೇಗೌಡರು ಕೂಡ ಇಲ್ಲಿದ್ದರು. ಆ ಪಟ್ಟಿಯಲ್ಲಿ ಮುಂದೆ ಮೂವರು ಪ್ರಧಾನಿ ಹುದ್ದೆಗೋ ಉಪಪ್ರಧಾನಿ ಹುದ್ದೆಗೋ ಹೋದರು, ಇಬ್ಬರು, ಹೆಗಡೆ ಮತ್ತು ದೇವೇಗೌಡರು, ನಮ್ಮ ಮುಖ್ಯಮಂತ್ರಿಯೂ ಆದರು. ಆದರೆ ಈ ಕಂಬಿ ಮುಂದೆ ನಾನು ಇಷ್ಟು ಹೊತ್ತು ನಿಂತಿದ್ದು ಅವರಿಗಾಗಿ ಅಲ್ಲ. ಸ್ನೇಹಲತಾ ರೆಡ್ಡಿ ಅವರಿಗಾಗಿ. ಸಂಸ್ಕಾರ ಸಿನಿಮಾದಲ್ಲಿ ಚಂದ್ರಿ ಆಗಿದ್ದರಲ್ಲ, ಅವರು. 1976ರಲ್ಲಿ ಹಿಡಿದರು. ಆಸ್ತಮಾ ಇತ್ತು, ಜೈಲಲ್ಲಿ ಜಾಸ್ತಿ ಆಯಿತು. ಸುಮಾರು ಎಂಟು ತಿಂಗಳು ಒಳಗಿದ್ದರು. ಪೆರೋಲ್ ಮೇಲೆ ಹೊರಗೆ ಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ತುರ್ತು ಪರಿಸ್ಥಿತಿ ಮುಗಿದಿದ್ದು ಮಾರ್ಚ್ 21ಕ್ಕೆ. ಎರಡು ತಿಂಗಳು, ಅಷ್ಟೇ. ನೋಡಿ, ಈ ಕಬ್ಬಿಣದ ಸರಳಿಗೆ ಎಷ್ಟು ಸಲ ಬಣ್ಣ ಹೊಡೆದಿದ್ದಾರೆ, ಒಂದು ಪದರ ಎದ್ದ ಕಡೆ ಕೆಳಗಿನ ಇನ್ನೊಂದು ಬಣ್ಣ ಕಾಣುತ್ತದೆ. ಉಗುರಲ್ಲಿ ಕೆರೆದರೆ ಬರುತ್ತದೆ. ಕೆರೆಯಲಿಲ್ಲ, ಸುಮ್ನೆ ಮುಟ್ಟಿದೆ.

ಹೊರಗೆ ಒಂದು ಪ್ರತಿಭಟನೆಗೆ ಶಾಮಿಯಾನಾ ಹಾಕುತ್ತಿದ್ದರು. ಊರಲ್ಲಿ ಯಾರೇ ಧರಣಿ ಕೂರಬೇಕಾದರೂ ಈಗ ಇಲ್ಲಿಗೇ ಬರಬೇಕು. ಹಳೇ ಜೈಲಿನ ಜಾಗದಲ್ಲೇ ಪ್ರತಿಭಟನೆ ಮಾಡಿ ಅನ್ನುವುದು ನನಗೆ ಮೊದಲು ಸರಿ ಅನ್ನಿಸಿತ್ತು, ಟ್ರಾಫಿಕ್ ಆದರೂ ತಪ್ಪುತ್ತದೆ ಅಂತ. ಈಗ ಅನ್ನಿಸುತ್ತಿಲ್ಲ. ನೋಡುವವರೇ ಇಲ್ಲದ ಕಡೆ ಕೂಗಿದರೆ ಯಾರಿಗೆ ಕೇಳಿಸುತ್ತದೆ?

ಮೆಟ್ರೋ. ಸೆಂಟ್ರಲ್ ಕಾಲೇಜು ಸ್ಟೇಷನ್‌ನಲ್ಲಿ ಹತ್ತಿದರೆ ವಿಧಾನಸೌಧ, ಆಮೇಲೆ ಕಬ್ಬನ್ ಪಾರ್ಕ್, ಎರಡೇ ಸ್ಟಾಪ್. ಅಷ್ಟರಲ್ಲಿ ಜೂನ್ 25ರ ಹುಟ್ಟುಹಬ್ಬಗಳನ್ನು ಹೇಳಿಬಿಡುತ್ತೇನೆ. ಪ್ರಧಾನಿ ಆಗಿದ್ದ ವಿ.ಪಿ. ಸಿಂಗ್, 1931. ಕರಿಷ್ಮಾ ಕಪೂರ್, 1974. ಆಮೇಲೆ ಜಾರ್ಜ್ ಆರ್ವೆಲ್, 1903, ಹುಟ್ಟಿದ್ದು ಎಲ್ಲಿ ಗೊತ್ತಾ? ಬಿಹಾರದ ಮೋತಿಹಾರಿಯಲ್ಲಿ. ಅವರಪ್ಪ ಬ್ರಿಟಿಷರ ಅಫೀಮು ಇಲಾಖೆಯಲ್ಲಿ ಕೆಲಸಕ್ಕಿದ್ದರು. ಪ್ರಜೆಗಳ ಮೇಲೆ ಹಗಲೂ ರಾತ್ರಿ ಕಣ್ಣಿಡುವ ಸರ್ಕಾರ ಹೇಗಿರುತ್ತದೆ ಅಂತ ಬರೆದವರು ಹುಟ್ಟಿದ ದಿನವೇ ನಮ್ಮಲ್ಲಿ ಆ ಸಹಿ ಬಿದ್ದಿದ್ದು. ಮೈಕಲ್ ಜಾಕ್ಸನ್ ತೀರಿಕೊಂಡಿದ್ದೂ 2009ರ ಇದೇ ದಿನ, ಅದು ಅಮೆರಿಕದ ಲೆಕ್ಕ, ನಮ್ಮಲ್ಲಿ ಆಗಲೇ 26 ಆಗಿತ್ತು. ಇಳಿಯೋಣ.

ಚಿನ್ನಸ್ವಾಮಿ. ಹೊರಗಿಂದಲೇ ತೋರಿಸುತ್ತಿದ್ದೇನೆ. ಈ ಗೇಟುಗಳ ಹತ್ತಿರ ಬಂದರೆ ಈಗ 2025ರ ಜೂನ್ 4 ನೆನಪಾಗದೇ ಇರುವುದಿಲ್ಲ, ಆರ್‌ಸಿಬಿ ಐಪಿಎಲ್ ಕಪ್ ಗೆದ್ದ ಖುಷಿಗೆ ಬಂದ 11 ಜನ ನೂಕುನುಗ್ಗಲಲ್ಲಿ ಸತ್ತರು. ಇಲ್ಲಿ ಸ್ವಲ್ಪ ಹೊತ್ತು ನಾನು ಏನೂ ಮಾತಾಡಿರಲಿಲ್ಲ, ಹಾಗಾಗಿ ಇಲ್ಲಿ ಕಳೆದುಹೋಗಿದ್ದು ಏನೂ ಇಲ್ಲ.

1983. ಜೂನ್ 25, ಶನಿವಾರ, ಲಂಡನ್‌ನ ಲಾರ್ಡ್ಸ್ ಮೈದಾನ, ಕ್ರಿಕೆಟ್ ವಿಶ್ವಕಪ್ ಫೈನಲ್. ಅದೇ ಲಾರ್ಡ್ಸ್‌ನಲ್ಲಿ 1932ರ ಜೂನ್ 25ಕ್ಕೇ, ಅದೂ ಶನಿವಾರವೇ, ಭಾರತ ತನ್ನ ಮೊಟ್ಟಮೊದಲ ಟೆಸ್ಟ್ ಆಡೋಕೆ ಇಳಿದಿತ್ತು. ಸಿ.ಕೆ. ನಾಯುಡು ಕ್ಯಾಪ್ಟನ್. ಮೊಹಮ್ಮದ್ ನಿಸಾರ್ ಇಬ್ಬರು ಓಪನರ್‌ಗಳನ್ನೂ ಬೌಲ್ಡ್ ಮಾಡಿದರು, ಇಂಗ್ಲೆಂಡ್ 19 ರನ್‌ಗೆ 3 ವಿಕೆಟ್. ಆಮೇಲೆ ಸೋತೆವು, 158 ರನ್‌ಗೆ. 51 ವರ್ಷ ಆದ ಮೇಲೆ ಅಲ್ಲೇ ಕಪ್.

ಫೈನಲ್ ನಿಮಗೆಲ್ಲ ಗೊತ್ತು. 183 ಹೊಡೆದು, ವೆಸ್ಟ್ ಇಂಡೀಸನ್ನು 140ಕ್ಕೆ ಕೆಡವಿ, 43 ರನ್‌ಗೆ ಗೆದ್ದಿದ್ದು. ಕಪಿಲ್ ಹಿಂದಕ್ಕೆ ಓಡಿ ಹಿಡಿದ ರಿಚರ್ಡ್ಸ್ ಕ್ಯಾಚ್. ಎಲ್ಲರೂ ಅದನ್ನೇ ಹಾಕುತ್ತಾರೆ. ನನಗೆ ಬೇಜಾರು ಏನಂದರೆ, ನಮ್ಮ ಬೆಂಗಳೂರಿನ ರೋಜರ್ ಬಿನ್ನಿ ಆ ಟೂರ್ನಿಯಲ್ಲೇ ಎಲ್ಲರಿಗಿಂತ ಜಾಸ್ತಿ, 18 ವಿಕೆಟ್ ತೆಗೆದವರು, ಅವರದು ಒಂದು ಬಾಲ್ ಕೂಡ ರೀಲ್ಸ್‌ನಲ್ಲಿ ಬರುವುದಿಲ್ಲ. ಫೈನಲ್‌ನಲ್ಲಿ ಕ್ಲೈವ್ ಲಾಯ್ಡ್ ವಿಕೆಟ್ ಅವರದೇ. ಕಿರ್ಮಾನಿ ನಮ್ಮ ಕರ್ನಾಟಕ ಟೀಮಿನವರೇ ಅಲ್ವಾ, 161ಕ್ಕೆ 9 ಆದಾಗ ಸಂಧು ಜೊತೆ ನಿಂತು 22 ರನ್ ಸೇರಿಸಿದರು. 22 ಅಂದರೆ ಏನು ಮಹಾ ಅನ್ನಬೇಡಿ. ಅದಕ್ಕೂ ವಾರದ ಹಿಂದೆ, ಜೂನ್ 18ಕ್ಕೆ ಜಿಂಬಾಬ್ವೆ ಮೇಲೆ ಕಪಿಲ್ 175 ಹೊಡೆದಾಗಲೂ ಇನ್ನೊಂದು ತುದಿಯಲ್ಲಿ ಕಿರ್ಮಾನಿಯೇ, ಇಬ್ಬರೂ ಔಟಾಗದೆ 126 ಸೇರಿಸಿದರು. ಆ ಮ್ಯಾಚಿನ ವಿಡಿಯೋ ಇಲ್ಲ. ಅಲ್ಲಿ ಟಿವಿ ಕ್ಯಾಮೆರಾನೇ ಇರಲಿಲ್ಲ. ಹೋಗಿ ನೋಡಿದವರು ಹೇಳಿದ್ದೇ ನಮಗೆ ಉಳಿದಿದ್ದು.

ಇನ್ನೊಂದು ಜೂನ್ 25 ಹೇಳಲೇಬೇಕು. 1978, ಬ್ಯೂನಸ್ ಐರಿಸ್, ಫುಟ್‌ಬಾಲ್ ವಿಶ್ವಕಪ್ ಫೈನಲ್. ಅರ್ಜೆಂಟೀನಾ 3, ನೆದರ್‌ಲೆಂಡ್ಸ್ 1, ಕೆಂಪೆಸ್ ಎರಡು ಗೋಲು. ಆಗ ಅಲ್ಲಿ ಮಿಲಿಟರಿ ಆಡಳಿತ. ಸ್ಟೇಡಿಯಂ ಹತ್ತಿರದಲ್ಲೇ ನೌಕಾಪಡೆಯ ಒಂದು ಶಾಲೆ, ಅದರಲ್ಲಿ ಜನರನ್ನು ಹಿಡಿದು ತಂದು ಹಿಂಸೆ ಕೊಡುತ್ತಿದ್ದರು. ಗೋಲು ಬಿದ್ದಾಗಿನ ಕೂಗು ಒಳಗಿದ್ದವರಿಗೂ ಕೇಳಿಸುತ್ತಿತ್ತು ಅಂತ ಬದುಕಿ ಬಂದವರು ಹೇಳಿದ್ದಾರೆ. ಇದನ್ನು ಓದಿದ ದಿನ ನಾನು ಆ ಕಪ್ಪಿಗೆ ಬೆಲೆಯೇ ಇಲ್ಲ ಅಂದಿದ್ದೆ. ಈಗ ಹಾಗೆ ಹೇಳುವುದಿಲ್ಲ, ಆಡಿದ ಹುಡುಗರದು ಏನು ತಪ್ಪು? ಆದರೆ ಕಪ್ ಬಗ್ಗೆ ಹೇಳಿ ಆ ಕಟ್ಟಡದ ಬಗ್ಗೆ ಸುಮ್ಮನಿರುವುದು ಮಾತ್ರ ತಪ್ಪು. ನಮ್ಮಲ್ಲೂ ಹಾಗೇ. ಜೂನ್ 25 ಬಂದರೆ ಅರ್ಧ ಜನ ಬರೀ ಕಪಿಲ್ ಫೋಟೋ ಹಾಕುತ್ತಾರೆ, ಇನ್ನರ್ಧ ಬರೀ ಜೈಲಿನ ಮಾತು. ಎರಡೂ ಅನುಭವಿಸಿದ್ದು ಒಂದೇ ಜನ. ನಡುವೆ ಎಂಟೇ ವರ್ಷ.

ಮಳೆ ಬಂತು, ನೋಡಿ. ಲೆನ್ಸ್ ಮೇಲೆ ಹನಿ ಬಿದ್ದಿದೆ, ಒರೆಸಲಿಲ್ಲ, ಇರಲಿ. ಸಂಜೆ ಭದ್ರಾವತಿಯ ದೊಡ್ಡಪ್ಪಂಗೆ ಫೋನ್ ಮಾಡಿ, ಫೈನಲ್ ರಾತ್ರಿ ಎಲ್ಲಿದ್ರಿ ಅಂತ ಕೇಳಿದೆ. ಎದುರುಮನೆ ಮೇಷ್ಟ್ರ ಜಗಲಿ ಮೇಲೆ ಅಂದರು. ಹೈಸ್ಕೂಲ್ ಮೇಷ್ಟ್ರು. 75ರಲ್ಲಿ ಒಂದು ರಾತ್ರಿ ಪೊಲೀಸರು ಬಂದು ಕರೆದುಕೊಂಡು ಹೋದವರು, ವಾಪಸ್ ಬಂದಿದ್ದು 77ಕ್ಕೆ. 83ರಲ್ಲಿ ಬೀದಿಗೆಲ್ಲ ಅವರದೇ ಟ್ರಾನ್ಸಿಸ್ಟರ್. ರಿಚರ್ಡ್ಸ್ ಔಟಾದಾಗ ಎದ್ದು ನಿಂತವರು ಕೊನೇ ವಿಕೆಟ್ ಬೀಳುವ ತನಕ ಕೂರಲೇ ಇಲ್ಲವಂತೆ. ಲಂಡನ್‌ನಲ್ಲಿ ಸಂಜೆ, ನಮ್ಮಲ್ಲಿ ಹೆಚ್ಚುಕಡಿಮೆ ನಡುರಾತ್ರಿ. ಗೆದ್ದ ಕೂಡಲೇ ಹುಡುಗರೆಲ್ಲ ಕೂಗುತ್ತಾ ಬೀದಿಗೆ ಇಳಿದರು, ಯಾರೋ ಮೇಷ್ಟ್ರ ಮನೆ ಬಾಗಿಲು ಬಡಿದರಂತೆ, ಖುಷಿಗೆ. ಒಳಗೆ ಮಲಗಿದ್ದ ಮೇಷ್ಟ್ರ ಹೆಂಡತಿ ಗಾಬರಿಯಿಂದ ಎದ್ದು ಓಡಿ ಬಂದು, ಮೇಷ್ಟ್ರ ತೋಳು ಗಟ್ಟಿಯಾಗಿ ಹಿಡಿದುಕೊಂಡರು. "ಗೆದ್ವಿ ಕಣೇ, ಕ್ರಿಕೆಟ್ ಕಣೇ" ಅಂತ ಮೇಷ್ಟ್ರು ಎಷ್ಟು ಹೇಳಿದರೂ ಬಿಡಲಿಲ್ಲವಂತೆ.

ದೊಡ್ಡಪ್ಪ ಆಮೇಲೆ ಮಳೆ ಹೇಗಿದೆ ಅಂತ ಕೇಳಿದರು. ಕ್ಲಿಪ್ ಮುಗಿಯಿತು, ಬರುತ್ತೇನೆ.