ಹೆರಿಗೆಯ ನಂತರದ ಎರಡು ಗಂಟೆ

ಕೇಳುಗರಿಗೆ ನಮಸ್ಕಾರ.

ಮಗು ಹುಟ್ಟಿ ಅತ್ತಿತೆಂದರೆ ಹೊರಗೆ ಕಾದು ಕುಳಿತವರ ಜೀವ ಹಗುರಾಗುತ್ತದೆ, ಎಲ್ಲರ ಕಣ್ಣೂ ಕೂಸಿನ ಕಡೆ ಹೊರಳುತ್ತದೆ. ಆದರೆ ತಾಯಿಯನ್ನು ಅತ್ಯಂತ ಎಚ್ಚರದಿಂದ ನೋಡಿಕೊಳ್ಳಬೇಕಾದ ಹೊತ್ತು ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 2,87,000 ಹೆಂಗಸರು ಬಸಿರು, ಹೆರಿಗೆ, ಬಾಣಂತನಗಳ ತೊಡಕುಗಳಿಂದ ತೀರಿಕೊಂಡರು. ಅವರಲ್ಲಿ ನೂರಕ್ಕೆ 95ರಷ್ಟು ಮಂದಿ ಬಡ ಹಾಗೂ ಕೆಳಮಧ್ಯಮ ಆದಾಯದ ದೇಶಗಳವರು. ಈ ಸಾವುಗಳ ನೇರ ಕಾರಣಗಳಲ್ಲಿ ಮೊದಲನೆಯದು ರಕ್ತಸ್ರಾವ.

ತುಂಬುಗರ್ಭದಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದೊಡನೆ ಗರ್ಭಕೋಶವು ಮುಷ್ಟಿಯಂತೆ ಬಿಗಿದುಕೊಂಡು, ಬಾಯ್ತೆರೆದ ರಕ್ತನಾಳಗಳನ್ನು ಹಿಚುಕಿ ಮುಚ್ಚಬೇಕು; ಹಾಗೆ ಬಿಗಿಯದೆ ಸಡಿಲವಾಗಿಯೇ ಉಳಿದರೆ, ಚಿಕಿತ್ಸೆ ದೊರೆಯದ ಆರೋಗ್ಯವಂತ ಹೆಣ್ಣಿನ ಪ್ರಾಣವೂ ಎರಡು ಗಂಟೆಯೊಳಗೆ ಹೋಗಬಹುದು. ಮೊದಲೇ ರಕ್ತಹೀನತೆಯಿಂದ ಬಳಲಿದವಳಿಗೆ ಅಷ್ಟು ಹೊತ್ತೂ ಇಲ್ಲ.

ಎಷ್ಟು ರಕ್ತ ಹೋದರೆ ಹೆಚ್ಚು? ಅರ್ಧ ಲೀಟರು ದಾಟಿದರೆ ಎಚ್ಚರಿಕೆ ಎಂಬುದು ಬಹುಕಾಲದ ಲೆಕ್ಕ. ಆದರೆ ಬಟ್ಟೆ, ಹಾಸಿಗೆಗಳಲ್ಲಿ ಇಂಗಿದ ರಕ್ತವನ್ನು ಕಣ್ಣಳತೆಯಲ್ಲಿ ಊಹಿಸುವಾಗ ಅನುಭವಿಗಳೂ ಕಡಿಮೆ ಅಂದಾಜಿಸುತ್ತಾರೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳಲ್ಲಿ ಹೆತ್ತ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡಿತ್ತು. ಅಲ್ಲಿ ಬಾಣಂತಿಯ ಕೆಳಗೆ ಅಳತೆಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ ರಕ್ತವನ್ನು ಅದರ ಚೀಲದಲ್ಲಿ ಸಂಗ್ರಹಿಸಲಾಯಿತು. ಗೆರೆ ಮುಟ್ಟಿದೊಡನೆ ಗರ್ಭಕೋಶವನ್ನು ನೀವುವುದು, ಅದನ್ನು ಬಿಗಿಯುವಂತೆ ಮಾಡುವ ಆಕ್ಸಿಟೋಸಿನ್ ಮದ್ದು, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಸಲೈನ್, ಗಾಯದ ಪರೀಕ್ಷೆ ಎಲ್ಲವನ್ನೂ ಒಂದಾದ ಮೇಲೊಂದೆಂದು ಕಾಯದೆ ಒಟ್ಟಿಗೆ ಕೈಗೊಳ್ಳಲಾಯಿತು. ತೀವ್ರ ರಕ್ತಸ್ರಾವ, ಅದಕ್ಕಾಗಿ ಶಸ್ತ್ರಚಿಕಿತ್ಸೆ ಅಥವಾ ಸಾವು, ಇವುಗಳ ಒಟ್ಟು ಪ್ರಮಾಣ ಶೇಕಡಾ 60ರಷ್ಟು ತಗ್ಗಿತು. ಇದರಲ್ಲಿ ಬಳಸಿದ ಔಷಧಗಳೆಲ್ಲ ಹಳೆಯವೇ ಎಂಬುದು ನನಗೆ ಸಮಾಧಾನವನ್ನೂ, ಅಷ್ಟೇ ಸಂಕಟವನ್ನೂ ತರುತ್ತದೆ.

ಔಷಧವಿದ್ದರೂ ಸಾಲದು. ಆಕ್ಸಿಟೋಸಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ವಿದ್ಯುತ್ತು ಕೈಕೊಡುವ ಆಸ್ಪತ್ರೆಯಲ್ಲಿ ಅದರ ಸತ್ವ ಕುಂದುತ್ತದೆ, ಆದರೆ ನೋಡಲು ಶೀಶೆ ಹಾಗೆಯೇ ಇರುತ್ತದೆ. ದಾದಿ ನಂಬಿಕೆಯಿಂದ ಚುಚ್ಚಿದ ಮದ್ದು ಕೆಲಸ ಮಾಡುವುದಿಲ್ಲ. ರಕ್ತಸ್ರಾವವಾಗದಂತೆ ಮುಂಚಿತವಾಗಿ ಕೊಡುವ ಮದ್ದಾಗಿ, ಶಾಖವನ್ನು ತಾಳುವ ಕಾರ್ಬೆಟೋಸಿನ್ ಇದಕ್ಕೊಂದು ಪರ್ಯಾಯ. ಟ್ರಾನೆಕ್ಸಾಮಿಕ್ ಆಮ್ಲವನ್ನಾದರೋ ಹೆರಿಗೆಯಾದ ಮೂರು ಗಂಟೆಯೊಳಗೆ ಕೊಡಬೇಕು; ತಡವಾಗುವ ಪ್ರತಿ 15 ನಿಮಿಷಕ್ಕೆ ಅದರ ಫಲ ಸುಮಾರು ಶೇಕಡಾ 10ರಷ್ಟು ಇಳಿಯುತ್ತದೆ. ಹಿರಿಯರು ಒಪ್ಪಲೆಂದು, ಬಾಡಿಗೆಗೆ ಹಣ ಹೊಂದಲೆಂದು, ವಾಹನ ಬರಲೆಂದು ಮನೆಯವರು ಕಾಯುವಾಗ ಕಳೆದುಹೋಗುವುದು ಈ ನಿಮಿಷಗಳೇ.