ನೂರು ಜನರಿಗೊಂದು ಡಂಗುರ

ನಮಸ್ಕಾರ. 1798ರ ಏಪ್ರಿಲ್. ಮಂಗಳೂರಿಗೆ ಒಂದು ಫ್ರೆಂಚ್ ಹಡಗು ಬಂತು. ಟಿಪ್ಪು ಸುಲ್ತಾನ್ ತಿಂಗಳುಗಟ್ಟಲೆ ಕಾದಿದ್ದ ನೆರವು ಅದರಲ್ಲೇ ಇತ್ತು. ಇಳಿದವರು ಎಷ್ಟು ಜನ ಗೊತ್ತಾ? ಸುಮಾರು ನೂರು. ನಮ್ಮ ಕಡೆ ಮದುವೆ ದಿಬ್ಬಣಕ್ಕೇ ಇದಕ್ಕಿಂತ ಜಾಸ್ತಿ ಜನ ಬರುತ್ತಾರೆ!

ಟಿಪ್ಪು ಅಂದ ತಕ್ಷಣ ಹೀರೋನಾ ವಿಲನ್ನಾ ಅಂತ ಜಗಳ ಶುರುವಾಗುತ್ತದೆ. ಇವತ್ತು ಅದು ಬೇಡ. ನನ್ನ ತಲೆಯಲ್ಲಿರುವುದು ಬೇರೆ ಪ್ರಶ್ನೆ. ಯುದ್ಧದ ನಡುವೆ ಮಿತ್ರನನ್ನು ಕೈಬಿಡದಂತೆ ಉಳಿಸಿಕೊಳ್ಳುವುದು ಹೇಗೆ? ಮೈಸೂರಿಗೆ ಅದು ಯಾಕೆ ಆಗಲಿಲ್ಲ?

"ಫ್ರೆಂಚರು ಕೈಕೊಟ್ಟರು" ಅನ್ನುವುದು ಸುಲಭದ ಉತ್ತರ. ಕೈಕೊಟ್ಟಿದ್ದು ನಿಜ. ಆದರೆ ಅದು ಮೊದಲ ಸಲವೇನಲ್ಲ.

1783ಕ್ಕೆ ಹೋಗೋಣ. ಹೈದರ್ ಅಲಿ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದ. ಒಳಗೆ ಇಂಗ್ಲಿಷರು, ಹೊರಗೆ ಟಿಪ್ಪುವಿನ ಜೊತೆ ಫ್ರೆಂಚ್ ಸೈನಿಕರು. ಅಷ್ಟರಲ್ಲಿ ಯುರೋಪಿನಿಂದ ಸುದ್ದಿ ಬಂತು: ಫ್ರಾನ್ಸ್ ಮತ್ತು ಬ್ರಿಟನ್ ರಾಜಿಯಾಗಿವೆ. ಅವರು ಮಾತು ಮುಗಿಸಿದ್ದು ಜನವರಿಯಲ್ಲಿ. ಸುದ್ದಿ ಇಲ್ಲಿಗೆ ಮುಟ್ಟುವಾಗ ಮಳೆಗಾಲ. ಫ್ರೆಂಚರು ಮುತ್ತಿಗೆ ಬಿಟ್ಟು ಪಕ್ಕಕ್ಕೆ ಸರಿದರು. ಟಿಪ್ಪು ಒಬ್ಬನೇ ಮುಂದುವರಿಸಿದ, ಕೋಟೆಯನ್ನೂ ತಗೊಂಡ. ಆದರೆ ಪಾಠ ಅಲ್ಲೇ ಸಿಕ್ಕಿತ್ತು ಅಲ್ವಾ? ಫ್ರಾನ್ಸಿಗೆ ನಮ್ಮ ಯುದ್ಧ ಅದರ ದೊಡ್ಡ ಯುದ್ಧದ ಒಂದು ಮೂಲೆ, ಅಷ್ಟೇ. ಅಲ್ಲಿ ಜಗಳ ಮುಗಿದರೆ ಇಲ್ಲೂ ಮುಗಿಯಿತು.

ಆಮೇಲೆ ಅವನು ಮೂರು ಜನ ರಾಯಭಾರಿಗಳನ್ನು ಪ್ಯಾರಿಸ್‌ಗೆ ಕಳಿಸಿದ. 1787ರಲ್ಲಿ ಹೊರಟವರು 1788ರ ಆಗಸ್ಟಿನಲ್ಲಿ ವರ್ಸೈ ಅರಮನೆಯಲ್ಲಿ ಹದಿನಾರನೇ ಲೂಯಿಯ ಮುಂದೆ ನಿಂತರು. ಭರ್ಜರಿ ಸ್ವಾಗತ. ಉಡುಗೊರೆಯಾಗಿ ಸೆವ್ರ್ ಪಿಂಗಾಣಿ. ಸೈನ್ಯ ಮಾತ್ರ ಇಲ್ಲ. ಅದೇ ತಿಂಗಳು ಫ್ರಾನ್ಸಿನ ಖಜಾನೆ ಸಾಲಗಾರರಿಗೆ ಹಣ ಕೊಡುವುದನ್ನೇ ನಿಲ್ಲಿಸಿತ್ತು. ಮರುವರ್ಷ ಕ್ರಾಂತಿ. ತನ್ನ ಮನೆಗೇ ಬೆಂಕಿ ಬಿದ್ದವನ ಹತ್ತಿರ ನೀರು ಕೇಳಿದ ಹಾಗೆ. 1792ರಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಸೇರಿ ಸೋಲಿಸಿದಾಗ ಟಿಪ್ಪು ಅರ್ಧ ರಾಜ್ಯವನ್ನು ಅವರಿಗೆ ಕಳೆದುಕೊಂಡ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಫ್ರಾನ್ಸಿನಿಂದ ಯಾರೂ ಬರಲಿಲ್ಲ.

ಈಗ ಆ ನೂರು ಜನರ ಕಥೆ. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕ ಹಾಳಾದ ಹಡಗಿನಲ್ಲಿ ಮಂಗಳೂರಿಗೆ ಬಂದ. ಆಗ ಫ್ರೆಂಚರ ಕೈಯಲ್ಲಿದ್ದ ಮಾರಿಷಸ್ ದ್ವೀಪದಲ್ಲಿ ದೊಡ್ಡ ಸೈನ್ಯ ತಯಾರಿದೆ ಎಂದು ನಂಬಿಸಿದ. ಟಿಪ್ಪು ಗುಟ್ಟಾಗಿ ದೂತರನ್ನು ಕಳಿಸಿದ. ಅಲ್ಲಿ ಸೈನ್ಯವೇ ಇರಲಿಲ್ಲ! ಗವರ್ನರ್ ಮಾಲಾರ್ಟಿಕ್ ಏನು ಮಾಡಿದ? ಟಿಪ್ಪುವಿನ ಪರ ಹೋರಾಡಲು ಬನ್ನಿ ಎಂದು ಬಹಿರಂಗ ಪ್ರಕಟಣೆ ಹೊರಡಿಸಿದ. ಗುಟ್ಟಿನ ಕೆಲಸಕ್ಕೆ ಡಂಗುರ! ಜೂನ್‌ನಲ್ಲಿ ಅದು ಕಲ್ಕತ್ತೆಯ ಪತ್ರಿಕೆಯಲ್ಲಿ ಬಂತು. ಹೊಸದಾಗಿ ಬಂದಿದ್ದ ಇಂಗ್ಲಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ನೆಪ ಬೇಕಿತ್ತು, ಕೈಗೇ ಬಂದು ಬಿತ್ತು. ಏನೂ ನೆರವು ಸಿಗದಿದ್ದರೂ ಪರವಾಗಿಲ್ಲ, ಇಂಥ ನೆರವು ಮಾತ್ರ ಬೇಡ ಎನಿಸುತ್ತದೆ ನನಗೆ.

ಆದರೆ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಎದುರು ಪಾಳೆಯ. ಇಂಗ್ಲಿಷರ ಮಿತ್ರ ಹೈದರಾಬಾದಿನ ನಿಜಾಮ. 1795ರಲ್ಲಿ ಖರ್ಡಾದಲ್ಲಿ ಮರಾಠರು ಅವನನ್ನು ಬಡಿದಾಗ ಇಂಗ್ಲಿಷರು ಸುಮ್ನೆ ನೋಡುತ್ತಾ ಕೂತಿದ್ದರು. ಸಹಜವಾಗಿಯೇ ನಿಜಾಮ ಮುನಿಸಿಕೊಂಡ, ಫ್ರೆಂಚ್ ಅಧಿಕಾರಿ ರೇಮೋನ ಪಡೆಯನ್ನು ಇನ್ನಷ್ಟು ಬೆಳೆಸಿದ. ಅಂದರೆ ಇಂಗ್ಲಿಷರೂ ಮಿತ್ರನನ್ನು ಕಳೆದುಕೊಳ್ಳುವ ಅಂಚಿಗೆ ಬಂದಿದ್ದರು. ಆದರೆ ವೆಲ್ಲೆಸ್ಲಿ ಯುದ್ಧ ಶುರುವಾಗುವ ಮೊದಲೇ ಇದನ್ನು ಸರಿಮಾಡಿದ. 1798ರ ಸೆಪ್ಟೆಂಬರಿನಲ್ಲಿ ಹೊಸ ಒಪ್ಪಂದ. ಅಕ್ಟೋಬರಿನಲ್ಲಿ ಆ ಫ್ರೆಂಚ್ ಪಡೆಯ ಆಯುಧ ಕಿತ್ತುಕೊಂಡದ್ದೂ ಆಯಿತು. ನಿಜಾಮನಿಗೆ ಬೇಕಿದ್ದದ್ದು ಎರಡೇ, ಮರಾಠರಿಂದ ರಕ್ಷಣೆ ಮತ್ತು ಜಾಗ. 1792ರಲ್ಲಿ ಮೈಸೂರಿನ ಜಾಗದ ರುಚಿ ಅವನು ನೋಡಿದ್ದ. ಇದು ಸ್ನೇಹ ಅಂತ ನಾನು ಹೇಳುವುದಿಲ್ಲ, ಆಮೇಲೆ ನಿಜಾಮ ಆ ಸ್ನೇಹಕ್ಕೆ ತನ್ನ ಸ್ವಾತಂತ್ರ್ಯವನ್ನೇ ತೆತ್ತ. ಆದರೆ ಯುದ್ಧದ ದಿನ ಅವನ ಸೈನ್ಯ ಶ್ರೀರಂಗಪಟ್ಟಣದ ಮುಂದೆ ನಿಂತಿತ್ತು.

ಟಿಪ್ಪು ಫ್ರಾನ್ಸಿಗೆ ಏನು ಕೊಡಬಹುದಿತ್ತು? ಇಂಗ್ಲಿಷರನ್ನು ಕಾಡುವ ಒಂದು ದೂರದ ಜಾಗ. ಅದು ಅವರಿಗೆ ಬೇಕಾಗಿತ್ತು, ಅವರದೇ ಸಮಯಕ್ಕೆ. ಉಕ್ರೇನ್ ಕೂಡ ಇದೇ ಸಂಕಟ ಪಟ್ಟಿದೆ. 2023ರ ಅಕ್ಟೋಬರಿನಲ್ಲಿ ಬೈಡನ್ ಕೇಳಿದ ಹಣಕ್ಕೆ ಅಮೆರಿಕದ ಸಂಸತ್ತು ಒಪ್ಪಿದ್ದು 2024ರ ಏಪ್ರಿಲ್‌ನಲ್ಲಿ. ಅಷ್ಟು ದಿನ ಉಕ್ರೇನಿನ ಸೈನಿಕರು ಗುಂಡುಗಳನ್ನು ಎಣಿಸಿ ಹಾರಿಸಬೇಕಾಯಿತು.

ಕೊನೆಗೂ ಒಬ್ಬ ಫ್ರೆಂಚ್ ಸೇನಾಪತಿ ಟಿಪ್ಪುವಿಗೆ ತಾನಾಗೇ ಪತ್ರ ಬರೆದ. ನೆಪೋಲಿಯನ್. 1799ರ ಜನವರಿ, ಕೈರೋದಿಂದ. ಇಂಗ್ಲಿಷ್ ನೌಕಾಪಡೆಯ ನೆಲ್ಸನ್ ಅವನ ಹಡಗುಗಳನ್ನು ನಾಶಮಾಡಿ ಆಗಲೇ ಐದು ತಿಂಗಳಾಗಿತ್ತು. ನಂಬಿಕಸ್ಥ ಮನುಷ್ಯನೊಬ್ಬನನ್ನು ಸೂಯೆಜ್‌ಗೋ ಕೈರೋಗೋ ಕಳಿಸಿ, ಮಾತಾಡೋಣ ಎಂದಿದ್ದ. ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಅಲ್ಲೇ ಸತ್ತ. ಅವನು ಆ ಪತ್ರವನ್ನು ಓದಲೇ ಇಲ್ಲ.